ಎಲೆ ಒಂದನ್ನೇ ನೋಡಿ ಗಿಡಕ್ಕ ಹೆಸರು ಇಡಬ್ಯಾಡ್ರಿ



ಮುಂಗಾರು ಬಿದ್ದು ಹದಿನೈದು ದಿನ ಆಗೂದೇ ತಡ, ನನ್ನ ಫೋನಿಗೆ ಒಂದೇ ನಮೂನಿ ಫೋಟೋ ಬರ್ಲಿಕ್ಕೆ ಶುರು ಆಗ್ತಾವ. ಅಂಗೈ ಮ್ಯಾಲ ಒಂದು ದೊಡ್ಡ ಎಲೆ, ಕೆಳಗ ಒಂದು ಸಾಲು: "ಅಣ್ಣಾ, ಹೊಳಿ ದಂಡಿಗೆ ಭಾಳ ಬೆಳದದ, ಯಾವ ಗಿಡ ಇದು? ಆಡಿಗೆ ಹಾಕಬಹುದೇನು?" ಹಿತ್ತಲದಾಗ ತಾನಾಗೇ ಹುಟ್ಟಿದ ಗಿಡದ ಫೋಟೋ ಕಳಿಸಿ, "ಇದು ಕೆಸು ಅಲ್ಲೇನ್ರಿ, ಪಲ್ಯ ಮಾಡಬಹುದೇ?" ಅಂತ ಕೇಳೋರೂ ಇದ್ದಾರ.

ಎಲ್ಲರಿಗೂ ನನ್ನ ಉತ್ತರ ಒಂದೇ. ಬರೀ ಎಲೆ ನೋಡಿ ನಾನು ಹೆಸರು ಹೇಳೂದಿಲ್ಲ. ಕೆಲವರಿಗೆ ಇದು ಸೊಕ್ಕು ಅನಿಸ್ಯಾದ. ಅದಕ್ಕ ಈ ಸಲ ಕಾರಣ ಬಿಡಿಸಿ ಬರೀತೀನಿ. ನನ್ನ ಅಭಿಪ್ರಾಯ ಇಷ್ಟು: ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಹೊಳಿ, ಕಾಲುವಿ, ಕೆರಿ, ಹಿತ್ತಲದಾಗ ಕಾಣೂ ದೊಡ್ಡ ಎಲೆಯ ಗಿಡಗಳು ಹತ್ತು-ಹನ್ನೆರಡು ಮಾತ್ರ. ಅಷ್ಟನ್ನ ಪ್ರತಿ ರೈತನ ಮನೆಯವರೂ ಹಾಲು, ಹೂವು, ಕಾಯಿ ಸಮೇತ ಗುರುತು ಹಿಡೀಲಿಕ್ಕೆ ಕಲೀಬೇಕು. ಗುರುತು ಖಾತ್ರಿ ಆಗೂತನ ಆ ಗಿಡ ದನದ ಬಾಯಿಗೂ ಹೋಗಬಾರದು, ಮನುಷ್ಯರ ಬಾಯಿಗೂ ಹೋಗಬಾರದು.

ಯಾಕ ಈಗ ಈ ಮಾತು ಅಂದ್ರ, ನಮ್ಮ ಭಾಗದಾಗ ನೀರು ಹರಿಯೂ ಜಾಗ ಹೆಚ್ಚಾಗ್ಯಾವ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದ ಮ್ಯಾಲ ಹುಣಸಗಿ, ಕೆಂಭಾವಿ, ಶಹಾಪುರ ತನಕ ಹಿಂದ ಒಣಗಿ ನಿಂತ ನೆಲದಾಗೂ ವರ್ಷದಾಗ ಎಷ್ಟೋ ತಿಂಗಳು ತೇವ ಇರ್ತದ. ಅದರ ಮ್ಯಾಲ ಹೊಳಿ ತುಂಬಿ ಬರ್ತದ. 2019ರ ಆಗಸ್ಟ್‌ನಾಗ ಕೃಷ್ಣಾ ಬಂತು, 2020ರ ಅಕ್ಟೋಬರ್‌ನಾಗ ಭೀಮಾ ಬಂತು. ನೀರು ಇಳಿದು ಹೋಗ್ತದ, ಆದ್ರ ಅದರ ಜೋಡಿ ಬಂದ ಬೀಜ, ಮುರಿದ ಟೊಂಗಿ ಇಲ್ಲೇ ಉಳೀತಾವ. ಮೇಲಿನ ಊರಿನ ಕಸ ಕೆಳಗಿನ ಊರಿನ ಹೊಲದಾಗ ಹುಟ್ಟೂದು ಹಿಂಗ. ತಿಂಥಣಿ ದಂಡಿಗೆ, ಕೊಳ್ಳೂರು ಸೇತುವೆ ಹತ್ರ, ಭೀಮಾ ಬದಿಗೆ ಅಡ್ಡಾಡಿ ನೋಡಿದ್ರ ಎರಡು ವರ್ಷಕ್ಕೊಮ್ಮೆ ಗಿಡಗಳ ಸಾಲೇ ಬದಲಾಗಿರ್ತದ.

ಇನ್ನ ಎಲೆ ಹ್ಯಾಂಗ ಮೋಸ ಮಾಡ್ತದ ಅನ್ನೂದು ಒಂದೊಂದಾಗಿ ನೋಡೋಣ.

ಮೊದಲು ಔಡಲ. ಔಡಲ ಯಾರಿಗೆ ಗೊತ್ತಿಲ್ಲ ಅಂತೀರಿ. ಆದ್ರ ಬೇಲಿಗೆ ಹಚ್ಚಿದ ಜತ್ರೋಪಕ್ಕೂ ನಮ್ಮವರು ಕಾಡ ಔಡಲ ಅಂತಾರ. 2003ರಾಗ ಕೇಂದ್ರ ಯೋಜನಾ ಆಯೋಗದ ಸಮಿತಿ ಜತ್ರೋಪ ಬೀಜದಿಂದ ಡೀಸೆಲ್ ತೆಗೀಬಹುದು ಅಂತ ವರದಿ ಕೊಟ್ಟ ಮ್ಯಾಲ ದೇಶದ ತುಂಬ ಅದರ ಸಸಿ ಹಂಚಿದ್ರು. ಡೀಸೆಲ್ ಮಾತು ತಣ್ಣಗಾತು, ಗಿಡ ಬದುವಿನ ಮ್ಯಾಲ, ಸಾಲಿ ಕಂಪೌಂಡ್ ಬದಿಗೆ ಉಳೀತು. ಎರಡರ ಎಲೆಯೂ ಅಂಗೈಗಿಂತ ದೊಡ್ಡದು, ಎರಡೂ ಸೀಳಿದಂಗ ಇರ್ತಾವ. ಫರಕು ಹಿಂಗ ನೋಡ್ರಿ. ಔಡಲ ಎಲೆ ಆಳಕ್ಕ ಸೀಳಿ ಏಳೆಂಟು ಬೆರಳಿನಂಗ ಇರ್ತದ, ಅಂಚಿಗೆ ಗರಗಸದ ಹಲ್ಲು ಇರ್ತಾವ. ತೊಟ್ಟು ಎಲೆಯ ಅಂಚಿಗೆ ಕೂಡೂದಿಲ್ಲ, ಛತ್ರಿ ಕೋಲಿನಂಗ ಎಲೆಯ ಒಳಗ ಬಂದು ಕೂಡ್ತದ. ಜತ್ರೋಪದ ಎಲೆ ಮೂರು ಇಲ್ಲಾ ಐದು ಮೂಲಿ ಇದ್ದಂಗ, ಸೀಳು ಆಳ ಇಲ್ಲ, ಅಂಚು ನುಣುಪು, ತೊಟ್ಟು ಅಂಚಿಗೇ ಕೂಡಿರ್ತದ. ಔಡಲದ ಕಾಯಿಗೆ ಮೆತ್ತನ್ನ ಮುಳ್ಳು, ಜತ್ರೋಪದ ಕಾಯಿ ಸಣ್ಣ ಲಿಂಬಿಕಾಯಿಯಂಗ ಬೋಳು. ಜತ್ರೋಪದ ತೊಟ್ಟು ಮುರಿದ್ರ ಅಂಟು ರಸ ಬರ್ತದ. ಹುಡುಗ್ರು ಅದರಿಂದ ಗುಳ್ಳಿ ಊದ್ತಾರ, ಅಂಗಿಗೆ ತಾಗಿದ್ರ ಕಂದು ಕಲಿ ಆಗ್ತದ.

ಇದು ಬರೀ ಹೆಸರಿನ ಜಗಳ ಅಲ್ಲ. ಜತ್ರೋಪದ ಬೀಜ ತಿನ್ನಲಿಕ್ಕೆ ಶೇಂಗಾದಂಗ ರುಚಿ ಇರ್ತದ. ಅದಕ್ಕೇ ಸಾಲಿ ಹುಡುಗ್ರು ತಿಂದು ವಾಂತಿ-ಭೇದಿ ಹತ್ತಿ ದವಾಖಾನಿ ಸೇರಿದ ಸುದ್ದಿ ಮತ್ತ ಮತ್ತ ಪೇಪರಿನ್ಯಾಗ ಬರ್ತದ. ಔಡಲ ಬೀಜದಾಗ ರೈಸಿನ್ ಅನ್ನೂ ವಿಷ ಅದ, ಜಗಿದು ನುಂಗಿದ್ರ ಜೀವಕ್ಕ ಅಪಾಯ. ಎಣ್ಣಿಗೆ ಆ ವಿಷ ಬರೂದಿಲ್ಲ, ಹಿಂಡಿಯೊಳಗ ಉಳೀತದ. ಅದಕ್ಕ ಔಡಲ ಹಿಂಡಿ ಗೊಬ್ಬರಕ್ಕ ಚಲೋ, ದನದ ದಾಣಿಗೆ ಬ್ಯಾಡ. ಗೊಬ್ಬರದ ಚೀಲ ಕೊಟ್ಟಿಗಿಯೊಳಗ ಇಡೂದೂ ಬ್ಯಾಡ.

ಎರಡನೇದು ಹಾಲು ಬರೂ ಗಿಡಗಳು. "ಎಲೆ ಮುರಿದ್ರ ಬೆಳ್ಳನ್ನ ಹಾಲು ಬಂತು, ಹಂಗಾರ ಎಕ್ಕಿ" ಅಂತ ತೀರ್ಮಾನ ಮಾಡೋರು ಬಹಳ. ಬೇಶರಂ ಗಿಡಕ್ಕೂ ಹಾಲು ಬರ್ತದ. ಎರಡರ ಎಲೆಯೂ ಗೇಣುದ್ದ ಆಗಬಹುದು. ಎಕ್ಕಿ ಎಲೆ ದಪ್ಪ, ಮ್ಯಾಲ ಬಿಳಿ ಬೂದಿ ಒರೆಸಿದಂಗ, ತೊಟ್ಟು ಇಲ್ಲ ಅನ್ನುವಷ್ಟು ಸಣ್ಣದು, ಎರಡೆರಡು ಎಲೆ ಎದುರು-ಬದುರು ಕೂಡಿರ್ತಾವ. ಬೇಶರಂ ಎಲೆ ತೆಳುವು, ಹಚ್ಚ ಹಸರು, ತುದಿ ಚೂಪು, ತೊಟ್ಟು ಉದ್ದ, ಒಂದು ಆ ಕಡೆ ಒಂದು ಈ ಕಡೆ ಬರ್ತಾವ. ಹೂವು ನೋಡಿದ್ರಂತೂ ಸಂಶಯವೇ ಇಲ್ಲ. ಎಕ್ಕಿಯದು ಐದು ದಳದ ಗಟ್ಟಿ ನಕ್ಷತ್ರ, ಹನುಮಪ್ಪಗ ಹಾರ ಕಟ್ಟೂ ಹೂವು. ಬೇಶರಂದು ತುತ್ತೂರಿ ಬಾಯಿಯಂಗ ತೆಳ್ಳನ್ನ ಗುಲಾಬಿ-ನೇರಳೆ ಹೂವು. ಒಳಗ ಟೊಂಗಿ ಪೊಳ್ಳು.

ಬೇಶರಂ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಬಿಸಿ ನಾಡಿನಿಂದ ಬಂದದ್ದು. ಹೆಸರು ಇಟ್ಟವರು ಸರಿಯಾಗೇ ಇಟ್ಟಾರ: ಎಷ್ಟು ಕಡಿದ್ರೂ ನಾಚಿಕಿ ಇಲ್ದ ಮತ್ತ ಚಿಗುರ್ತದ. ಮುರಿದ ತುಂಡು ನೀರಿಗೆ ಬಿದ್ರ ಹೋದಲ್ಲಿ ಬೇರು ಬಿಡ್ತದ. ಆದ್ರ ದೊಡ್ಡ ಅಪಾಯ ಬ್ಯಾರೇ ಅದ. ಇದರೊಳಗ ಸ್ವೈನ್ಸೋನೈನ್ ಅನ್ನೂ ವಿಷ ಇರ್ತದ. ಆಡು ಮೊದಲಿಗೆ ಇದನ್ನ ಮುಟ್ಟೂದಿಲ್ಲ. ಬ್ಯಾಸಿಗ್ಯಾಗ ಬ್ಯಾರೇ ಹಸರು ಸಿಗದಾಗ ತಿಂತದ, ತಿಂದ ಮ್ಯಾಲ ಚಟ ಹತ್ತಿದಂಗ ಅದನ್ನೇ ಹುಡುಕಿಕೊಂಡು ಹೋಗ್ತದ. ವಾರಗಟ್ಟಲೆ ತಿಂದ್ರ ತಲಿ ನಡುಗೂದು, ಹಿಂಗಾಲು ಸೋಲೂದು, ಮೈ ಇಳಿಯೂದು ಶುರು ಆಗ್ತದ. ನಮ್ಮ ಕಡೆ ಇಂಥಾ ಆಡಿಗೆ "ಗಾಳಿ ಬಡದದ" ಅಂತ ಹೇಳಿ ತಾಯತ ಕಟ್ಟಿಸೂದು ನಾನು ನೋಡೀನಿ. ಗಾಳಿ ಅಲ್ಲ, ಕಾಲುವಿ ಬದಿ ಮೇವು. ಬೇಗ ಗುರುತಿಸಿ ಆ ಜಾಗಕ್ಕ ಬಿಡೂದು ನಿಲ್ಲಿಸಿದ್ರ ಆಡು ಸುಧಾರಿಸೂ ದಾರಿ ಇರ್ತದ. ತಡ ಆದ್ರ ಮೆದುಳಿನ ನರಕ್ಕ ಆದ ಪೆಟ್ಟು ವಾಪಸ್ ಬರೂದಿಲ್ಲ.

ಎಕ್ಕಿಯದು ಇನ್ನೊಂದು ಕಥಿ. ದನ-ಕರು ಅದನ್ನ ಅಷ್ಟಾಗಿ ತಿನ್ನೂದಿಲ್ಲ. ಆದ್ರ ಹಾಲು ಕಣ್ಣಿಗೆ ಸಿಡಿದ್ರ ಕಣ್ಣಿನ ಕರಿಗುಡ್ಡಿ ಮುಂದಿನ ಪರದೆ ಊದಿ ಮಬ್ಬಾಗ್ತದ. ಕೆಲವರಿಗೆ ನೋವು ಕಮ್ಮಿ ಇರ್ತದ, ಅದಕ್ಕೇ ಸುಮ್ಮನಿರ್ತಾರ, ಮರುದಿನ ಕಣ್ಣು ಮಂಜಾಗಿರ್ತದ. ಹಾಲು ಸಿಡಿದ ತಕ್ಷಣ ಸ್ವಚ್ಛ ನೀರಿನಿಂದ ಕಾಲು ತಾಸು ತೊಳೀರಿ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸ್ರಿ. ರಥಸಪ್ತಮಿಗೆ ಏಳು ಎಕ್ಕಿ ಎಲೆ ಇಟ್ಟು ಮೈ ತೊಳ್ಕೊಳ್ಳೂ ಮನಿಗಳಾಗ ಹುಡುಗರಿಂದ ಎಲೆ ಕೀಳಿಸಬ್ಯಾಡ್ರಿ.

ಮೂರನೇದು ಮುಳ್ಳಿನ ಕಾಯಿ. "ಕಾಯಿಗೆ ಮುಳ್ಳಿದ್ದವು" ಅಂದ್ರೂ ಸಾಲದು, ಯಾಕಂದ್ರ ಮುಳ್ಳಿನ ಕಾಯಿಯ ದೊಡ್ಡ ಎಲೆ ಗಿಡ ನಮ್ಮಲ್ಲಿ ಮೂರು ಅದಾವ. ಔಡಲದ್ದು ಮೂರು ಹೋಳಿನ ಗೊಂಚಲು ಕಾಯಿ. ದತ್ತೂರಿಯದು, ಅಂದ್ರ ಉಮ್ಮತ್ತಿಯದು, ಒಂಟಿ ಗುಂಡು ಕಾಯಿ, ಒಳಗ ಮೆಣಸಿನಕಾಯಿ ಬೀಜದಂಥ ಚಪ್ಪಟಿ ಬೀಜ ತುಂಬಿರ್ತಾವ. ಮರುಳುಮತ್ತಿಯದು ಶೇಂಗಾ ಬೀಜದಷ್ಟು ಸಣ್ಣದು, ಕೊಕ್ಕಿ ಮುಳ್ಳು, ಧೋತರಕ್ಕ, ಕುರಿ ಉಣ್ಣಿಗೆ ಹತ್ತಿದ್ರ ಬಿಡಿಸಿಕೊಳ್ಳೂದು ಕಷ್ಟ. ಎಲೆಯೊಳಗೂ ಫರಕು ಅದ. ದತ್ತೂರಿ ಬದನಿಯ ಕುಲದ್ದು, ಎಲೆ ಬದನಿ ಎಲೆಯನ್ನ ನೆನಪಿಸ್ತದ, ಬುಡದಾಗ ಎರಡು ಭಾಗ ಸಮ ಇರೂದಿಲ್ಲ, ತಿಕ್ಕಿದ್ರ ಕೆಟ್ಟ ವಾಸನಿ. ಮರುಳುಮತ್ತಿ ಎಲೆ ಉಸುಕಿನ ಕಾಗದದಂಗ ಒರಟು, ದಂಟಿನ ಮ್ಯಾಲ ಕೆಂಪು-ನೇರಳೆ ಚುಕ್ಕಿ.

ದತ್ತೂರಿ ತಿಂದವರಿಗೆ ಬಾಯಿ ಒಣಗ್ತದ, ಕಣ್ಣಿನ ಪಾಪಿ ದೊಡ್ಡದಾಗ್ತದ, ಏನೇನೋ ಬಡಬಡಿಸ್ತಾರ. ಹಿತ್ತಲದಾಗ ಪಲ್ಯದ ಸೊಪ್ಪಿನ ನಡುವ ಇದು ಸಣ್ಣದಿದ್ದಾಗ ಸೇರಿ ಬರಬಹುದು, ಅದಕ್ಕ ಸೊಪ್ಪು ಕೀಳೂ ಹೆಣ್ಣುಮಕ್ಕಳಿಗೆ ಇದರ ಸಸಿಯನ್ನೂ ತೋರಿಸಿರಬೇಕು.

ಮರುಳುಮತ್ತಿ ಬಗ್ಗೆ ಹೊಳಿ ದಂಡಿ ಊರಿನವರು ಸ್ವಲ್ಪ ಹೆಚ್ಚು ಗಮನ ಕೊಡ್ರಿ. ಇದರ ದೊಡ್ಡ ಗಿಡಕ್ಕಿಂತ ಮರಿ ಸಸಿ ಹೆಚ್ಚು ವಿಷ. ಹೊಳಿ ನೀರು ಇಳಿದ ಮ್ಯಾಲ ಮೆತ್ತನ್ನ ರೇವಿನೊಳಗ ಸಾವಿರಗಟ್ಟಲೆ ಮೊಳಕಿ ಒಮ್ಮೆಲೇ ಏಳ್ತಾವ. ಆಗ ಅದಕ್ಕ ಎರಡೇ ಎಲೆ: ಉದ್ದ, ದಪ್ಪ, ನುಣುಪು. ದೊಡ್ಡ ಗಿಡದ ಒರಟು ಎಲೆಗೂ ಅದಕ್ಕೂ ಹೋಲಿಕಿ ಇಲ್ಲ. ದೊಡ್ಡ ಎಲೆಯ ಗುರುತು ಮಾತ್ರ ಕಲಿತವನಿಗೆ ಇದು ಮರುಳುಮತ್ತಿ ಅಂತ ತಿಳಿಯೂದೇ ಇಲ್ಲ, ಹಸರು ಕಂಡು ದನ ಬಿಡ್ತಾನ. ಈ ಎರಡೆಲೆ ಹಂತದ ಸಸಿ ಹೊಟ್ಟಿ ತುಂಬ ತಿಂದ ದನ, ಹಂದಿ, ಕುರಿ ಒಂದೆರಡು ದಿನದೊಳಗ ಸಾಯಬಹುದು. ಗುರುತಿಗೆ ಒಂದು ಉಪಾಯ ಹೇಳ್ತೀನಿ. ಸಸಿಯನ್ನ ಬೇರು ಸಮೇತ ಮೆಲ್ಲಕ ಎಬ್ಬಿಸಿ ನೋಡ್ರಿ, ಬುಡಕ್ಕ ಕೊಕ್ಕಿ ಮುಳ್ಳಿನ ಹಳೇ ಕಾಯಿ ಅಂಟಿಕೊಂಡಿರ್ತದ ಇಲ್ಲಾ ಅಲ್ಲೇ ಮಣ್ಣಾಗ ಸಿಗ್ತದ. ಇನ್ನೊಂದು ಮಾತು, ಪ್ರತಿ ಕಾಯಿಯೊಳಗ ಎರಡು ಬೀಜ ಇರ್ತಾವ. ಒಂದು ಮೊದಲು ಹುಟ್ಟಿದ್ರ, ಇನ್ನೊಂದು ತಡ ಮಾಡಿ ಹುಟ್ತದ. ಒಂದು ಸಲ ಕಳೆ ತೆಗೆದು ಮುಗೀತು ಅಂದುಕೊಂಡವರ ಹೊಲದಾಗ ಮುಂದಿನ ವರ್ಷ ಮತ್ತ ಯಾಕ ಬಂತು ಅನ್ನೂದಕ್ಕ ಇದೇ ಕಾರಣ.

ನಾಲ್ಕನೇದು ಹಿತ್ತಲ ಮತ್ತ ಕೆರಿ. ಕೆಸುವಿನ ಎಲೆ ಬಚ್ಚಲ ನೀರು ಹರಿಯೂ ಕಡೆ ಹುಲುಸಾಗಿ ಬರ್ತದ. ಅದರ ತೊಟ್ಟೂ ಔಡಲದಂಗ ಎಲೆಯ ಒಳಗ ಕೂಡ್ತದ, ಎಲೆ ಕೆಳಮುಖ ಜೋತು ಬೀಳ್ತದ, ಮ್ಯಾಲ ನೀರು ಹಾಕಿದ್ರ ಮುತ್ತಿನಂಗ ಉರುಳಿ ಹೋಗ್ತದ. ಈಗ ಚಂದಕ್ಕ ಅಂತ ನರ್ಸರಿಯಿಂದ ತಂದು ಹಚ್ಚೂ ಆನಿ ಕಿವಿಯಂಥ ಗಿಡಗಳೊಳಗ ಬಹಳಷ್ಟರ ಎಲೆ ಮೇಲ್ಮುಖ ನಿಂತಿರ್ತದ, ತೊಟ್ಟು ಎಲೆಯ ಸೀಳಿನ ಅಂಚಿಗೇ ಕೂಡಿರ್ತದ. ಬಿಳಿ ಚುಕ್ಕಿಯ ಡಿಫೆನ್‌ಬಾಕಿಯಾ ಅಂತೂ ಪಟ್ಟಣದ ಮನಿ ಮನಿ ಮುಂದ ಅದ. ಇವೆಲ್ಲಾ ಒಂದೇ ಕುಲ, ಎಲ್ಲದರೊಳಗೂ ಸೂಜಿಯಂಥ ಆಕ್ಸಲೇಟ್ ಹರಳು ಇರ್ತಾವ. ತಿನ್ನೂ ಕೆಸುವಿನೊಳಗೂ ಇರ್ತಾವ, ಅದಕ್ಕೇ ನಮ್ಮ ತಾಯಂದಿರು ಹುಣಸಿ ಹುಳಿ ಹಾಕಿ ಚಲೋತ್ನಾಗಿ ಬೇಯಿಸ್ತಾರ. ಚಂದದ ಗಿಡದ ಎಲೆ ಅಥವಾ ದಂಟು ಕೂಸು ಬಾಯಿಗೆ ಹಾಕ್ಕೊಂಡ್ರ ನಾಲಿಗಿ, ಗಂಟಲು ಬಾತು ಉಸಿರಾಟಕ್ಕೂ ತೊಂದ್ರಿ ಆಗಬಹುದು. ಹಿತ್ತಲದಾಗ ನೀವೇ ಗಡ್ಡಿ ಹಚ್ಚಿದ ಕೆಸು ಆದ್ರ ಸರಿ. ತಾನಾಗೇ ಹುಟ್ಟಿದ್ದನ್ನ ಎಲೆ ಗುರುತಿನ ಮ್ಯಾಲ ಪಲ್ಯಕ್ಕ ಹಾಕಬ್ಯಾಡ್ರಿ, ತೊಟ್ಟಿನ ಗುರುತು ಸರಿ ಕಂಡ್ರೂ ಬ್ಯಾಡ.

ಕೆರಿ ನೀರಿನ್ಯಾಗ ತಾವರೆ, ನೈದಿಲೆ ಎರಡಕ್ಕೂ "ಕಮಲ" ಅಂತಾರ. ತಾವರೆ ಎಲೆ ಪೂರ್ತಿ ದುಂಡು, ಎಲ್ಲೂ ಸೀಳಿಲ್ಲ, ಬಲಿತ ಎಲೆ ನೀರಿನಿಂದ ಮ್ಯಾಲ ಎದ್ದು ನಿಲ್ತದ. ನೈದಿಲೆ ಎಲೆಗೆ ತೊಟ್ಟಿನ ತನಕ ಒಂದು ಸೀಳು, ಅದು ನೀರಿನ ಮ್ಯಾಲೇ ತೇಲ್ತದ. ಇವೆರಡೂ ಇರಲಿ. ತೊಟ್ಟು ಬುರುಬುರು ಉಬ್ಬಿದ, ನೇರಳೆ ಹೂವಿನ ಅಂತರಗಂಗೆ ಕಂಡ್ರ ಮಾತ್ರ ನಾಕು ಗಿಡ ಇದ್ದಾಗಲೇ ಎತ್ತಿ ದಂಡಿಗೆ ಒಣಹಾಕ್ರಿ. ಹೂವು ಚಂದ ಅದ ಅಂತ ಮನಿ ತೊಟ್ಟಿಯಿಂದ ಕೆರಿಗೆ ಬಿಡೋರಿಗೆ ದಯಮಾಡಿ ತಿಳಿಸಿ ಹೇಳ್ರಿ.

ಹಂಗಾರ ಗುರುತು ಹಿಡಿಯೂದು ಹ್ಯಾಂಗ? ನನ್ನ ಲೆಕ್ಕದಾಗ ಆರು ಪ್ರಶ್ನೆ ಸಾಕು.

1. ತೊಟ್ಟು ಎಲೆಯ ಅಂಚಿಗೆ ಕೂಡ್ಯಾದೋ, ಒಳಗ ಕೂಡ್ಯಾದೋ?
2. ಎಲೆಗಳು ಎದುರು-ಬದುರು ಅದಾವೋ, ಒಂದು ಬಿಟ್ಟು ಒಂದು ಅದಾವೋ?
3. ಮುರಿದಾಗ ಹಾಲು, ಅಂಟು, ನೀರು, ಯಾವುದು ಬಂತು? (ಮುಖ ದೂರ ಹಿಡಿದು ಮುರೀರಿ, ಕೈ ತೊಳೀರಿ.)
4. ಎಲೆ ನುಣುಪೋ, ಒರಟೋ, ಮಖಮಲ್ಲಿನಂಗ ಮೆತ್ತಗೋ?
5. ಹೂವು ಯಾವ ಆಕಾರ, ಕಾಯಿ ಯಾವ ಆಕಾರ?
6. ನಿಂತಿದ್ದು ನೀರಾಗೋ, ರೇವಿನ್ಯಾಗೋ, ಒಣ ಬದುವಿನ ಮ್ಯಾಲೋ?

ಹೂವು-ಕಾಯಿ ಇಲ್ಲದಿದ್ರ ಬರೂತನ ಕಾಯ್ರಿ. ಅಷ್ಟರೊಳಗ ಆ ಗಿಡಕ್ಕ ಹೆಸರು ಬ್ಯಾಡ.

"ಫೋನಿನ್ಯಾಗ ಗೂಗಲ್ ಲೆನ್ಸ್ ಅದ ಅಲ್ರಿ" ಅಂತ ಹುಡುಗ್ರು ಕೇಳ್ತಾರ. ನಾನೂ ಬಳಸ್ತೀನಿ. ಹೂವಿನ ಸ್ವಚ್ಛ ಫೋಟೋ ಕೊಟ್ರ ಭಾಳ ಸಲ ಸರಿ ದಾರಿಗೆ ಹಚ್ತದ. ಒಂದೇ ಎಲೆ ಕೊಟ್ರ ಅದೂ ನಮ್ಮಂಗ ಊಹಿಸ್ತದ, ಆದ್ರ ಊಹಿಸೀನಿ ಅಂತ ಹೇಳೂದಿಲ್ಲ. ಫೋನು ಹೇಳಿದ ಹೆಸರನ್ನ ಮೇಲಿನ ಆರು ಪ್ರಶ್ನೆಗೆ ಹಚ್ಚಿ ನೋಡ್ರಿ. ಒಂದಕ್ಕಾದ್ರೂ ಹೊಂದಲಿಲ್ಲ ಅಂದ್ರ ಬಿಟ್ಟುಬಿಡ್ರಿ.

ಹಿರಿಯರ ಹೆಸರುಗಳ ಮ್ಯಾಲೂ ಅಷ್ಟೇ ಎಚ್ಚರ ಬೇಕು. ನಮ್ಮದು ಕನ್ನಡ, ತೆಲುಗು, ಉರ್ದು ಕೂಡಿದ ಸೀಮಿ. ಗುರುಮಠಕಲ್ ಕಡೆ ಹೋದ್ರ ಎಕ್ಕಿಗೆ ಜಿಲ್ಲೇಡು ಅಂತಾರ, ಔಡಲಕ್ಕ ಆಮುದಂ ಅಂತಾರ. ಒಂದು ಗಿಡಕ್ಕ ಮೂರು ಹೆಸರು ಇರ್ತಾವ, ಮೂರು ಗಿಡಕ್ಕ ಒಂದು ಹೆಸರು ಇರ್ತದ. ಕಳೆ ತೆಗಿಯೂ ಅಜ್ಜಿಗೆ ಗಿಡ ನೂರಕ್ಕ ನೂರು ಗೊತ್ತಿರ್ತದ, ಆದ್ರ ಆಕಿ ಹೇಳಿದ ಹೆಸರನ್ನ ಇನ್ನೊಂದು ಊರಿನವ ಕೇಳಿ ಬ್ಯಾರೇ ಗಿಡ ಕಿತ್ತು ತರ್ತಾನ. ಫೋನ್ ಮೆಸೇಜಿನ್ಯಾಗ ಬರೂ "ಈ ಎಲೆ ಅರೆದು ಕುಡೀರಿ, ಮೊಣಕಾಲು ನೋವು ಹೋಗ್ತದ" ಅನ್ನೂ ಮದ್ದಿನ ಅಪಾಯ ಇರೂದೂ ಇಲ್ಲೇ. ಮೆಸೇಜ್ ಬರೆದವ ಯಾವ ಊರಿನವನೋ, ಅವನ "ಕಾಡ ಔಡಲ" ಯಾವ ಗಿಡವೋ!

ಗುರುತಿನಿಂದ ಇನ್ನೊಂದು ಲಾಭ, ಯಾವುದಕ್ಕ ಏನು ಮಾಡಬೇಕು ಅನ್ನೂದು ತಿಳೀತದ. ಈಗ ನಾವು ದೊಡ್ಡ ಎಲೆ ಕಂಡದ್ದೆಲ್ಲಾ ಕಸ ಅಂತ ಒಂದೇ ಔಷಧ ಹೊಡಿತೀವಿ, ಅದೂ ದನ ಕುಡಿಯೂ ಕಾಲುವಿ ನೀರಿನ ಬದಿಗೆ. ಇದಕ್ಕ ನನ್ನ ವಿರೋಧ ಅದ. ಬೇಶರಂ ಬೇರು ಸಮೇತ ಅಗೆದು ಬಂಡಿ ಮ್ಯಾಲ ಒಣಗಿಸಬೇಕು, ಕಡಿದು ಕಾಲುವಿಗೆ ಒಗದ್ರ ಕೆಳಗಿನ ರೈತನಿಗೆ ಸಸಿ ಕಳಿಸಿದಂಗ. ಮರುಳುಮತ್ತಿ ಕಾಯಿ ಕಟ್ಟೂ ಮೊದಲು ಕೀಳಬೇಕು, ಎರಡು ಸಲ ಕೀಳಬೇಕು. ಮಖಮಲ್ ಎಲೆ, ಹಳದಿ ಹೂವು, ಮುದ್ರಿಯಂಥ ಕಾಯಿಯ ಶ್ರೀಮುದ್ರೆ ಗಿಡ ಹತ್ತಿಯ ಕುಲದ್ದು. ಹತ್ತಿ ಹಾಕೋರ ಬದುವಿನ್ಯಾಗ ಅದೂ ಮರುಳುಮತ್ತಿಯೂ ಇದ್ರ ಬಿಳಿ ಹಿಟ್ಟು ತಿಗಣಿಗೆ ಮನಿ ಕೊಟ್ಟಂಗ, ಹತ್ತಿ ಇಲ್ಲದ ತಿಂಗಳು ಅಲ್ಲೇ ಉಳೀತದ. ಎಕ್ಕಿ ಮಾತ್ರ ಒಣ ಬದುವಿನ ಮ್ಯಾಲ ಇದ್ರ ಇರಲಿ. ಅದರ ಮ್ಯಾಲಿನ ಬಣ್ಣದ ಮಿಡತಿ, ಕಿತ್ತಳೆ ಪಾತರಗಿತ್ತಿ ಹುಳ ಹೆಚ್ಚಾಗಿ ಅದರಲ್ಲೇ ಹೊಟ್ಟಿ ತುಂಬಿಸಿಕೊಳ್ತಾವ. ಒಂದೇ ಬದುವಿನ್ಯಾಗ ನಾಕು ಗಿಡ, ನಾಕು ಬ್ಯಾರೇ ಕೆಲಸ.

ವಿಷ ತಿಂದ ಸಂಶಯ ಬಂದ್ರ ಒಂದು ಮಾತು ನೆನಪಿಡ್ರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸ್ಲಿಕ್ಕೆ ಹೋಗಬ್ಯಾಡ್ರಿ. ಎಲೆ, ಹೂವು, ಕಾಯಿ ಇರೂ ಒಂದು ಟೊಂಗಿ ಮುರಿದು ಚೀಲದಾಗ ಹಾಕ್ಕೊಂಡು ದವಾಖಾನಿಗೆ, ದನ ಇದ್ರ ಪಶು ವೈದ್ಯರಿಗೆ ತೋರಿಸ್ರಿ. ಡಾಕ್ಟರಿಗೆ ನಿಮ್ಮ ಊರಿನ ಹೆಸರಿಗಿಂತ ಆ ಟೊಂಗಿ ಹೆಚ್ಚು ಉಪಯೋಗ.

ಕಡೀಗೆ ನನ್ನ ಬೇಡಿಕಿ. 2000ರಾಗ ಗುಲಬರ್ಗಾ ವಿಶ್ವವಿದ್ಯಾಲಯದವರು ಗುಲಬರ್ಗಾ ಜಿಲ್ಲೆಯ ಸಸ್ಯಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದಾರ. ಆವಾಗ ನಮ್ಮ ಮೂರೂ ತಾಲೂಕು ಆ ಜಿಲ್ಲೆಯೊಳಗೇ ಇದ್ವು. ಅದು ಇಂಗ್ಲಿಷಿನ್ಯಾಗ ಅದ, ಸಸ್ಯಶಾಸ್ತ್ರ ಓದಿದವರಿಗೆ. ನಮಗ ಬೇಕಾದ್ದು ಸಣ್ಣದು: ಹನ್ನೆರಡು ಗಿಡ, ಪ್ರತಿಯೊಂದಕ್ಕ ಎಲೆ, ಹೂವು, ಕಾಯಿ, ಮರಿ ಸಸಿ ಹಿಂಗ ನಾಕು ಫೋಟೋ, ಕೆಳಗ ನಮ್ಮ ಕಡೆ ಇರೂ ಎಲ್ಲಾ ಹೆಸರು, "ದನಕ್ಕ ಬ್ಯಾಡ" ಅನ್ನೂ ಒಂದು ಸಾಲು. ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿ ಕೃಷಿ ಕಾಲೇಜು ನಮ್ಮ ಮಗ್ಗಲಕ್ಕೇ ಅದಾವ. ಅಲ್ಲಿಯವರು ಗಿಡದ ಶಾಸ್ತ್ರದ ಹೆಸರು ಖಾತ್ರಿ ಮಾಡಿ ಕೊಡಲಿ, ಊರಿನ ಹೆಸರು ನಾವು ಕೊಡೋಣ. ಆ ಹಾಳಿ ಪಂಚಾಯ್ತಿ ಗ್ವಾಡಿಗೆ, ಸಾಲಿ ಗ್ವಾಡಿಗೆ, ಹಾಲಿನ ಡೇರಿ ಮುಂದ ಅಂಟಿಸಿದ್ರ ಒಂದು ಮಳೆಗಾಲದಾಗ ಎಷ್ಟೋ ಆಡು ಉಳೀತಾವ, ಹುಡುಗ್ರೂ ದವಾಖಾನಿ ಕಾಣೂದು ತಪ್ತದ.

ಅಲ್ಲೀತನಕ ನಿಮ್ಮ ಹತ್ರ ಒಂದು ಕೆಲಸ ಕೇಳ್ತೀನಿ. ಮುಂದಿನ ಸಲ ಫೋಟೋ ಕಳಿಸುವಾಗ ಎಲೆ ಕಿತ್ತು ಅಂಗೈ ಮ್ಯಾಲ ಇಡಬ್ಯಾಡ್ರಿ. ಗಿಡ ನಿಂತಲ್ಲೇ ನಾಕು ಫೋಟೋ ತೆಗೀರಿ: ಪೂರ್ತಿ ಗಿಡ, ತೊಟ್ಟು ಎಲೆಗೆ ಕೂಡೂ ಜಾಗ, ಹೂವು, ಕಾಯಿ. ಊರಿನ ಹೆಸರು, ನಿಮ್ಮ ಮನಿಯ ಹಿರಿಯರು ಆ ಗಿಡಕ್ಕ ಏನಂತಾರ ಅನ್ನೂದು ಬರೀರಿ. ಆವಾಗ ನಾವು ಕೂಡಿ ಹೆಸರು ಹುಡುಕೋಣ. ಉತ್ತರ ಬರೂತನ ಆಡನ್ನ ಬ್ಯಾರೇ ಕಡೆ ಮೇಯಿಸ್ರಿ.